ತಲೆಕೆಳಗಾದ ರಾಣಿ, ಖಾಲಿ ಕವರು

ಶಿರಾ ಗೇಟಿನ ನಮ್ಮ ಭಾವ ತಪ್ಪು ಸಹಿಸುವ ಪೈಕಿ ಅಲ್ಲ. ಮಗಳ ಲಗ್ನಪತ್ರಿಕೆಯಲ್ಲಿ ತಮ್ಮ ಇನಿಷಿಯಲ್ಲು ಹಿಂದುಮುಂದಾಯಿತೆಂದು ಅಷ್ಟೂ ಕಟ್ಟನ್ನು ಪ್ರೆಸ್ಸಿಗೆ ವಾಪಸು ಹೊರಿಸಿದವರು. ಅದೇ ಮನುಷ್ಯ 1854ರ ನಾಲ್ಕಾಣೆ ಸ್ಟಾಂಪಿನ ಮಾತು ಬಂದರೆ ಕಣ್ಣು ಅರೆಮುಚ್ಚುತ್ತಾರೆ. ಕೆಂಪು ಚೌಕಟ್ಟಿಗೊಂದು ಸಲ, ನೀಲಿ ತಲೆಗೊಂದು ಸಲ ಅಂತ ಎರಡೆರಡು ಬಾರಿ ಅಚ್ಚು ಹಾಕುವಾಗ ಯಾವನೋ ಹಾಳೆಯನ್ನು ಉಲ್ಟಾ ಇಟ್ಟ. ವಿಕ್ಟೋರಿಯಾ ರಾಣಿ ಶೀರ್ಷಾಸನ ಹಾಕಿದಳು. ಉಳಿದಿರುವುದು ಕೆಲವೇ ಕೆಲವು. ನೆಟ್ಟಗೆ ಕೂತ ರಾಣಿಯನ್ನು ಕೇಳುವವರು ಕಮ್ಮಿ, ತಲೆಕೆಳಗಾದವಳಿಗೆ ಹರಾಜಿನಲ್ಲಿ ನೂಕುನುಗ್ಗಲು.

“ಆ ಲಗ್ನಪತ್ರಿಕೆ ಇಟ್ಕೊಂಡಿದ್ರೆ ಒಂದು ಸೈಟಾದ್ರೂ ಆಗ್ತಿತ್ತಲ್ಲ ಭಾವ” ಅಂದೆ. ಅಡುಗೆಮನೆಯಿಂದ ಅಕ್ಕನ ನಗು ಕೇಳಿಸಿತು.

ಅವರ ನಿಜವಾದ ಕೊರಗು ಬೇರೆ. ಚಿಕ್ಕದೇವರಾಜ ಒಡೆಯರು 1672ರಲ್ಲಿ ಶುರುಮಾಡಿದ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷರ ಇಲಾಖೆಗೆ ಸೇರುವವರೆಗೆ ಓಡಿತು. ಕಾಗದದ ಜತೆಗೆ ಊರೂರ ಸುದ್ದಿಯನ್ನೂ ಅಂಚೆಯವರು ಅರಮನೆಗೆ ಮುಟ್ಟಿಸುತ್ತಿದ್ದರಂತೆ (ನಮ್ಮ ಬೀದಿಯಲ್ಲಿ ಈ ಇಲಾಖೆ ಇನ್ನೂ ಮುಚ್ಚಿಲ್ಲ). ಇಷ್ಟೆಲ್ಲ ಇದ್ದೂ ಸಂಸ್ಥಾನದ ಹೆಸರಲ್ಲಿ ಒಂದೇ ಒಂದು ಅಂಚೆಚೀಟಿ ಬರಲಿಲ್ಲ! ಹೈದರಾಬಾದಿನ ನಿಜಾಮರು 1869ರಲ್ಲೇ ತಂದರು, ತಿರುವಾಂಕೂರಿನವರು 1888ರಲ್ಲಿ ಶಂಖದ ಗುರುತು ಹಾಕಿ ತಂದರು. “ನಮ್ಮೋರಿಗೇನಾಗಿತ್ತು ದಾಡಿ?” ಅನ್ನುತ್ತಾರೆ ಭಾವ, ಒಡೆಯರು ಇವರನ್ನು ಒಂದು ಮಾತು ಕೇಳದೆ ಬಿಟ್ಟಹಾಗೆ.

ಇನ್ನು ಫಸ್ಟ್ ಡೇ ಕವರು. ಬೀರುವಿನ ಮೇಲಿನ ಎರಡು ಖಾನೆ ಅದಕ್ಕೇ ಮೀಸಲು, ಅಕ್ಕನ ರೇಷ್ಮೆ ಸೀರೆಗಳು ಕೆಳಗಿಳಿದಿವೆ. ಚಿತ್ರದ ಕವರು, ಮೂಲೆಗೊಂದು ಹೊಸ ಸ್ಟಾಂಪು, ಅದರ ಮೇಲೆ ಬಿಡುಗಡೆಯ ದಿನದ್ದೇ ವಿಶೇಷ ಮುದ್ರೆ. ಮುದ್ರೆಯ ಮಸಿ ಹರಡಿದರೆ ಕವರು ದಂಡ, ಅರ್ಧ ಮೂಡಿದರೂ ದಂಡ. ಅದಕ್ಕೇ ಕೌಂಟರಿನಲ್ಲಿ ಭಾವ ಉಸಿರು ಬಿಗಿಹಿಡಿದು, “ಸ್ವಲ್ಪ ಹಗೂರಕ್ಕೆ ಒತ್ತಿ ಸಾರ್, ಹಗೂರಕ್ಕೆ” ಅಂತ ನಿಲ್ಲುತ್ತಾರೆ. ಹಿಂದಿನ ಕ್ಯೂ ಗೊಣಗುತ್ತಿರುತ್ತದೆ. ಒಳಗೆ ಕಾಗದ? ಏನೂ ಇಲ್ಲ. ಯಾರೂ ಯಾರಿಗೂ ಏನೂ ಬರೆಯದ ಕವರಿಗೆ ಇಷ್ಟು ಉಪಚಾರ. ನಾನು ಹಾಸ್ಟೆಲಿನಿಂದ ಮೂರು ಪುಟ ಬರೆದಾಗ ಭಾವ ಸ್ಟಾಂಪನ್ನು ನೀರಿನಲ್ಲಿ ನೆನೆಸಿ ಬಿಡಿಸಿಕೊಂಡು, ಪತ್ರ ಓದುವುದನ್ನು ಅಕ್ಕನಿಗೆ ವಹಿಸಿದ್ದರು.

ಮೊನ್ನೆ ಬೀರುವಿನಿಂದ ಹೊರಬಂದದ್ದು ಕಾಫಿ ಸ್ಟಾಂಪು. 2017ರ ಏಪ್ರಿಲ್ 23ರಂದು ಬೆಂಗಳೂರಿನಲ್ಲಿ ಬಿಡುಗಡೆಯಾದದ್ದು, ಕಾಫಿಯ ಘಮ ಸೇರಿಸಿ ಅಚ್ಚಾದದ್ದು, ಬೆಲೆ 100 ರೂಪಾಯಿ. ಗಂಧದ ಪರಿಮಳದ್ದು 2006ರಲ್ಲೇ ಬಂದಿತ್ತು, ಅದೂ ಇದೆ.

“ಆ ದುಡ್ಡಿಗೆ ಪುಡಿ ತಂದಿದ್ರೆ ಬಂದೋರಿಗೆಲ್ಲ ಕಾಫಿ ಆಗ್ತಿತ್ತು ಕಣ್ರೀ” ಅಂದಳು ಅಕ್ಕ.

ಭಾವ ಚಿಮಟದಲ್ಲಿ ಹಿಡಿದು ನನ್ನ ಮೂಗಿನ ಹತ್ತಿರ ತಂದರು. “ಇನ್ನೂ ಹೆಂಗೈತೆ ನೋಡು ವಾಸನೆ!”

ಬೀರುವಿನ ನುಸಿಗುಳಿಗೆ ಗಮ್ಮೆಂದಿತು.

“ಚಿಕ್ಕಮಗಳೂರಿಂದೇ ಭಾವ, ಚಿಕೋರಿ ಒಂಚೂರು ಜಾಸ್ತಿಯಾಗೈತೆ.”