ಚೂರು ಕಳೆದಿಲ್ಲ ತಾನೆ?

ನಮ್ಮ ಭಾವನ ಎದುರಿಗೆ ಯಾವ ವಸ್ತುವನ್ನೂ ‘ಕೆಟ್ಟುಹೋಯಿತು’ ಎನ್ನಬಾರದು. ಅಂದ ಕೂಡಲೇ ಅವರ ಮುಖಕ್ಕೆ ಕಳೆ ಬಂದುಬಿಡುತ್ತದೆ. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. ಕೊಡೆ, ಕನ್ನಡಕ, ಮಿಕ್ಸಿ, ಏನೇ ತಂದರೂ ಕೇಳುವುದು ಒಂದೇ ಪ್ರಶ್ನೆ: “ಚೂರು ಕಳೆದಿಲ್ಲ ತಾನೆ?” ಅಕ್ಕ ಚಕ್ಕುಲಿ ಕಡಿದು ಹಲ್ಲು ಮುರಿದುಕೊಂಡಾಗಲೂ ಇದನ್ನೇ ಕೇಳಿದರಂತೆ.

ಈ ಸಲ ಅವರ ಕೈಗೆ ಸಿಕ್ಕಿದ್ದು ನನ್ನ ಮಗನ ಗಿಟಾರ್ ಆಂಪ್ಲಿಫೈಯರಿನ ಪೆಟ್ಟಿಗೆ. ಅದರ 12 ಇಂಚಿನ ಸ್ಪೀಕರ್ ಸಡಿಲವಾಗಿದೆಯೆಂದು ಮಗರಾಯ ಸ್ಕ್ರೂ ಬಿಗಿ ಮಾಡಲು ಹೋಗಿದ್ದ. ಸ್ಕ್ರೂಡ್ರೈವರ್ ಜಾರಿ ಕಾಗದದ ಕೋನ್ ನಾಲ್ಕು ಬೆರಳಗಲ ಹರಿದಿತ್ತು. ಮೀಟಿದರೆ ಹಾಡಿನ ಜೊತೆ ಕಣಜದ ಹುಳವೊಂದು ಶ್ರುತಿ ಹಿಡಿಯುತ್ತಿತ್ತು.

“ಅಯಸ್ಕಾಂತದ ಹತ್ತಿರ ಕಬ್ಬಿಣ ಹಿಡಿಯೋದು ಅಂದ್ರೆ ನಾಯಿ ಮುಂದೆ ಮೂಳೆ ಹಿಡಿದ ಹಾಗೆ ಮರೀ. ಅದು ಎಳ್ಕೊಳ್ದೆ ಬಿಡುತ್ತಾ?” ಎಂದು ಭಾವ ಗಾಯ ಸವರಿದರು. “ಚೂರು ಕಳೆದಿಲ್ಲ ತಾನೆ?”

“ಇಲ್ಲ ಮಾವ. ಆದ್ರೆ ಎಸ್.ಪಿ. ರೋಡಿನ ರಿಪೇರಿ ಅಂಗಡಿಗೆ ಕೊಟ್ಟು ಹೊಸ ಕೋನ್ ಹಾಕಿಸೋಣ ಅಂತ...”

ಭಾವ ಅವನನ್ನು ನೋಡಿದ ರೀತಿ, ನೆಗಡಿಗೆ ಮೂಗು ಕೊಯ್ಸಿಕೊಳ್ಳುತ್ತೇನೆ ಎಂದವನನ್ನು ನೋಡುವ ರೀತಿ.

ಡೈನಿಂಗ್ ಟೇಬಲ್ಲಿನ ಮೇಲೆ ಶಸ್ತ್ರಚಿಕಿತ್ಸೆ ಶುರುವಾಯಿತು. ಸ್ಪೀಕರ್ ಅಂಗಾತ ಮಲಗಿತು, ನಾವು ಊಟಕ್ಕೆ ನೆಲಕ್ಕಿಳಿದೆವು. “ಇದರ ಕೆಲಸ ಏನು ಹೇಳು?” ಎಂದರು. ಗಿಟಾರಿನ ಅತಿ ದಪ್ಪ ತಂತಿ ಮೀಟಿದರೆ ಕೋನ್ ಸೆಕೆಂಡಿಗೆ ಸುಮಾರು 82 ಸಲ ಹಿಂದೆ ಮುಂದೆ ಓಡಾಡಬೇಕು ಎಂದ ಹುಡುಗ. “ನೋಡಿದ್ಯಾ? ಓಡಾಡೋನ ಹೆಗಲ ಮೇಲೆ ಮೂಟೆ ಹೊರಿಸಬಾರದು. ತೇಪೆ ಹಗುರ ಇರಬೇಕು.”

ಆಮೇಲಿನ ಸಡಗರ ಯಾವ ಮದುವೆಮನೆಗೂ ಕಡಿಮೆಯಲ್ಲ. ಟಿಶ್ಯೂ ಪೇಪರಿನ ಎರಡು ಪದರ ಬಿಡಿಸಿ ಒಂದನ್ನಷ್ಟೇ ಇಟ್ಟುಕೊಂಡರು. ನಾನು ಕತ್ತರಿ ಕೊಡಹೋದರೆ ಕೈ ತಟ್ಟಿದರು. ಕೈಯಲ್ಲೇ ಹರಿಯಬೇಕಂತೆ, ಅಂಚು ನವಿರಾಗಿದ್ದರೆ ಮಾತ್ರ ಹಳೇ ಕಾಗದದೊಳಗೆ ಕರಗಿಹೋಗುತ್ತದಂತೆ. ಫೆವಿಕಾಲಿಗೆ ನೀರು ಬೆರೆಸಿ ಮಜ್ಜಿಗೆಯ ಹದಕ್ಕೆ ತಂದು, ಹರಿದ ಅಂಚುಗಳನ್ನು ಕೂಡಿಸಿ, ಬ್ರಷ್ಷಿನಲ್ಲಿ ಸವರಿ, ಹಿಂದೊಂದು ಮುಂದೊಂದು ತೇಪೆ ಹಾಕಿದರು. ಪಕ್ಕದಲ್ಲೊಂದು ಕೂದಲೆಳೆಯಷ್ಟು ಬಿರುಕು ಕಂಡಿತು. ಅದಕ್ಕೆ ಅಕ್ಕನ ಗುಲಾಬಿ ಬಣ್ಣದ ನೇಲ್ ಪಾಲಿಶ್ ಬಂತು. ಭಾವ ಉಸಿರು ಬಿಗಿಹಿಡಿದು ಬಳಿಯುವುದನ್ನು ನೋಡಿ ಅಕ್ಕ, “ನನ್ನ ಉಗುರನ್ನ ಒಂದು ದಿನವಾದರೂ ಇಷ್ಟು ಹತ್ತಿರದಿಂದ ನೋಡಿದ್ದೀರೇನ್ರೀ?” ಎಂದಳು. ಭಾವ ತಲೆಯೆತ್ತದೆ, “ನಿಂದು ಬಿರುಕು ಬಿಟ್ಟಿಲ್ವಲ್ಲೇ” ಎಂದರು.

ರಾತ್ರಿಯಿಡೀ ಒಣಗಲು ಬಿಟ್ಟು ಬೆಳಿಗ್ಗೆ ಪರೀಕ್ಷೆ. ಎರಡೂ ಕೈಯ ಬೆರಳುಗಳನ್ನು ಸುತ್ತ ಸಮನಾಗಿ ಊರಿ ಕೋನನ್ನು ಮೆಲ್ಲಗೆ ಒತ್ತಿ, ಒಳಗಿನ ವಾಯ್ಸ್ ಕಾಯಿಲ್ ಎಲ್ಲಿಯಾದರೂ ಕೆರೆಯುತ್ತದೆಯೇ ಎಂದು ಕಿವಿಗೊಟ್ಟರು. ಗೋಡೆ ಗಡಿಯಾರದಿಂದ 1.5 ವೋಲ್ಟಿನ ಸೆಲ್ ಕಿತ್ತು ತಂತಿಗೆ ಮುಟ್ಟಿಸಿದರು. ‘ಟಪ್’ ಎಂದು ಕೋನ್ ಮುಂದಕ್ಕೆ ಹಾರಿತು. “ಜೀವ ಇದೆ!” ಗಡಿಯಾರ ಮಾತ್ರ ಅವತ್ತಿಡೀ ಏಳೂಕಾಲಿಗೇ ನಿಂತಿತ್ತು.

ಮಗ ಗಿಟಾರ್ ಮೀಟಿದ. ಹುಳ ಹಾರಿಹೋಗಿತ್ತು, ದನಿ ತೊಳೆದಿಟ್ಟ ಬೆಳ್ಳಿ ಲೋಟದಂತಿತ್ತು. ಭಾವನ ಕಣ್ಣು ಮೆಚ್ಚುಗೆಗೆ ಕಾಯುತ್ತಿತ್ತು. ಹುಡುಗ ಮಾತ್ರ ತಲೆ ಕೆರೆದುಕೊಂಡ. “ಚೆನ್ನಾಗಿದೆ ಮಾವ. ಆದ್ರೆ ಮೊದಲಿನ ಆ ಕರಕರ ಇತ್ತಲ್ಲ, ಅದೂ ಒಂಥರಾ ಚೆನ್ನಾಗಿತ್ತು.”

ಭಾವನ ಮುಖ ಸಪ್ಪಗಾಯಿತು. ಸಮಾಧಾನ ಮಾಡಲು ಹೋಗಿ ಹುಡುಗ ಇನ್ನಷ್ಟು ಕೆಡಿಸಿದ. 1964ರಲ್ಲಿ ಇಂಗ್ಲೆಂಡಿನ ‘ದಿ ಕಿಂಕ್ಸ್’ ತಂಡದ ಡೇವ್ ಡೇವಿಸ್ ಎಂಬ 17ರ ಹುಡುಗ ತನ್ನ ಪುಟ್ಟ ಆಂಪ್ಲಿಫೈಯರಿನ ಸ್ಪೀಕರ್ ಕೋನನ್ನು ಬೇಕೆಂದೇ ಬ್ಲೇಡಿನಿಂದ ಸೀಳಿದ್ದು, ಆ ಕರಕರದಲ್ಲೇ ‘ಯೂ ರಿಯಲಿ ಗಾಟ್ ಮಿ’ ನುಡಿಸಿದ್ದು, ಹಾಡು ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿದ್ದು, ಎಲ್ಲವನ್ನೂ ಹೇಳಿಬಿಟ್ಟ.

“ಚೆನ್ನಾಗಿರೋದನ್ನ? ಬೇಕು ಅಂತ?” ಭಾವ ಎರಡು ಸಲ ಕೇಳಿದರು. ಕಾಫಿ ಅರ್ಧಕ್ಕೇ ಬಿಟ್ಟು ಎದ್ದರು. ಯಾರದೋ ಮನೆಯ ಹುಡುಗ ದಾರಿ ತಪ್ಪಿದ ಸುದ್ದಿ ಕೇಳಿದವರ ಹಾಗೆ ಸ್ಕೂಟರ್ ಹತ್ತಿ ಹೋದರು.

ಬೇಜಾರಾಗಿದ್ದಾರೆಂದು ನನಗೂ ನಿದ್ದೆ ಬರಲಿಲ್ಲ. ರಾತ್ರಿ ಹನ್ನೊಂದಕ್ಕೆ ಫೋನು ಬಂತು.

“ಆ ಇಂಗ್ಲೆಂಡಿನ ಹುಡುಗನ ಸ್ಪೀಕರು ಕಣಯ್ಯ. ಬ್ಲೇಡಲ್ಲಿ ಸೀಳಿದ್ದು ಅಂದನಲ್ಲ ನಿನ್ನ ಮಗ?”

“ಹೌದು ಭಾವ. ಅದಾಗಿ ಅರವತ್ತು ವರ್ಷ ಆಯ್ತು, ಬಿಡಿ.”

“ಅದು ಗೊತ್ತಯ್ಯ. ಬರೀ ಸೀಳಿದ್ದಾ, ಇಲ್ಲ ಚೂರೇನಾದ್ರೂ ಕಳೆದಿತ್ತಾ?”