ಅಕ್ಬರನ ತಲೆಯ ಮೇಲಿನ ಕಂಬ

ದೆಹಲಿ–ರೇವಾರಿ ಹಳಿಯ ಪಕ್ಕ ಕ್ಯಾಮೆರಾ ಹಿಡಿದು ನಿಲ್ಲುವ ಪಾಡು ಶತ್ರುವಿಗೂ ಬೇಡ. 1965ರಲ್ಲಿ ಚಿತ್ತರಂಜನದಲ್ಲಿ ಹುಟ್ಟಿದ ‘ಅಕ್ಬರ್’ ಎಂಬ ಉಗಿ ಎಂಜಿನ್ನು ರೇವಾರಿ ಶೆಡ್ಡಿನಿಂದ ಆಗೊಮ್ಮೆ ಈಗೊಮ್ಮೆ ಸವಾರಿ ಹೊರಡುತ್ತದೆ. ಗುಂಡು ಮೂತಿ, ಅದರ ನಡುವೆ ನಕ್ಷತ್ರ, ಬಲು ಠೀವಿ. ಆದರೆ ನೆತ್ತಿಯ ಮೇಲೆ 25,000 ವೋಲ್ಟಿನ ತಂತಿ! ಅಟ್ಟದ ಜೇಡರಬಲೆಯೊಳಗಿಂದ ಪಟ್ಟದಾನೆ ನುಗ್ಗಿದ ಹಾಗೆ. ಸಾಲದ್ದಕ್ಕೆ ಹೆಜ್ಜೆಹೆಜ್ಜೆಗೂ ಕಂಬ. ನಾನು ಎಲ್ಲಿ ನಿಂತರೂ ಒಂದು ಕಂಬ ಸರಿಯಾಗಿ ಬಾದಶಹನ ತಲೆಯಿಂದಲೇ ಮೊಳೆಯುತ್ತದೆ. ಬಗ್ಗಿ ತೆಗೆದರೆ ಆಕಾಶದ ತುಂಬ ತಂತಿ. ಮೇಲ್ಸೇತುವೆ ಹತ್ತಿದರೆ ಎಂಜಿನ್ನಿನ ಮೈತುಂಬ ತಂತಿ. ಸಾಸಿವೆ ಹೊಲದಲ್ಲಿ ಕುಕ್ಕರಗಾಲಲ್ಲಿ ಕೂತು ಗುರಿಯಿಟ್ಟರೆ, ಅದೇ ಗಳಿಗೆಗೆ ನಡುವಿನ ಹಳಿಯಲ್ಲಿ ಗೂಡ್ಸು ಹಾಜರು. ಗೂಡ್ಸು ಡಬ್ಬಿಗಳ ಚಿತ್ರ ಬೇಕಾದವರು ಧಾರಾಳವಾಗಿ ನನ್ನನ್ನು ಕೇಳಬಹುದು.

ಮಗಳು ಕಂಪ್ಯೂಟರಿನಲ್ಲಿ ತಂತಿಗಳನ್ನೆಲ್ಲ ಅಳಿಸಿಕೊಟ್ಟಳು. ತಂತಿಯ ಜೊತೆ ಹೊಗೆಯೂ ಮಂಗಮಾಯ. ನೋಡಿದ ನನ್ನಾಕೆ, “ಅಯ್ಯೋ ಪಾಪ, ದಾರೀಲಿ ಕೆಟ್ಟು ನಿಂತಿತ್ತೇನ್ರೀ?” ಅಂದಳು. ಹೊಲದ ಯಜಮಾನನದು ಇನ್ನೂ ದೊಡ್ಡ ಅನುಕಂಪ: “ಬಾಬೂಜಿ, ಕರೆಂಟಿನ ಗಾಡಿ ಗಳಿಗೆಗೊಂದು ಬರುತ್ತೆ. ಅದನ್ನೇ ತೆಗೆದುಕೊಂಡು ಹೊತ್ತಿಗೆ ಸರಿಯಾಗಿ ಮನೆ ಸೇರಬಾರದೇ?”