ಅಲಂಕಾರಪ್ರಿಯ ಟ್ರ್ಯಾಕ್ಟರ್

ಅಮೆರಿಕದವರು ಇಬ್ಬರು ಅಕ್ಕಪಕ್ಕ ಕೂತು ಕಾಡುಮೇಡು ಸುತ್ತಲು ಪುಟ್ಟ ನಾಲ್ಕು ಚಕ್ರದ ಗಾಡಿ ಕೊಳ್ಳುತ್ತಾರೆ. ಆಮೇಲೆ ರಜೆ ಬಂತೆಂದರೆ ಮನೆಯಲ್ಲೇ ಅದಕ್ಕೆ ಬಂಪರು, ದೀಪ, ಸ್ಪೀಕರು ಬಿಗಿಯುತ್ತಾರೆ. ನಮ್ಮ ಸೇಡಂ, ಚಿತ್ತಾಪುರದ ಕಡೆ ಟ್ರ್ಯಾಕ್ಟರ್ ಅದ. ಅದರ ಎರಡು ಮಡ್‌ಗಾರ್ಡ್ ಮೇಲೆ ಅಕ್ಕಪಕ್ಕ ಎಷ್ಟು ಮಂದಿ ಕೂಡಬಹುದೆಂದು ಮಾಡಿದ ಕಂಪನಿಯೂ ಊಹಿಸಿರಲಿಕ್ಕಿಲ್ಲ.

ತೊಗರಿ ಮಾರಿ ರೊಕ್ಕ ಬಂತೆನ್ನಿ, ಶೃಂಗಾರ ಶುರು. ಮೊದಲು ಟಾಪು, ಆಮೇಲೆ ಬಂಪರು, ಆಮೇಲೆ ಟೇಪು. ಶಹಾಬಾದಿನ ಪರಸಿ ಹಾಸಿದ ಅಂಗಳವೇ ಗ್ಯಾರೇಜು. ನಟ್ಟೊಂದು ಸಂದಿಯಲ್ಲಿ ಹೊಕ್ಕರೆ ಇಡೀ ಮನೆತನ ನೆಲಕ್ಕೆ ಬಗ್ಗಿ ಹುಡುಕಬೇಕು.

ದೀಪದ ಕಥೆಯೇ ಬೇರೆ. 55 ವಾಟಿನ ಒಂದು ಬಲ್ಬು 12 ವೋಲ್ಟಿನ ಬ್ಯಾಟರಿಯಿಂದ ಸುಮಾರು ನಾಲ್ಕೂವರೆ ಆಂಪಿಯರ್ ಎಳೆಯುತ್ತದೆ. ಅಂಥ ನಾಲ್ಕನ್ನು ರಿಲೇ, ಫ್ಯೂಸ್ ಇಲ್ಲದೆ ತೆಳ್ಳನೆಯ ವೈರಿಗೆ ಗಂಟು ಹಾಕಿದರೆ ಬೆಳಕಿಗಿಂತ ಮುಂಚೆ ಹೊಗೆ ಬರುತ್ತದೆ.

"ತಮ್ಮಾ, ಏನೋ ಸುಟ್ಟ ವಾಸನಿ ಬರ್ಲಕತ್ತದಲ್ಲೋ?"

"ವಾಡಿ ಸಿಮೆಂಟ್ ಫ್ಯಾಕ್ಟರಿ ಕಡಿಂದ ಬರೋ ಗಾಳಿ ಇರ್ಬೇಕು ಬಿಡ್ರಿ ಕಾಕಾ."

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ಕಂಪನಿ ಕೊಟ್ಟ ಮೂಲ ರೂಪವನ್ನು ಮನಬಂದಂತೆ ಬದಲಿಸಬೇಡಿ ಅನ್ನುತ್ತದೆ. ಹಾಡಿನ ಸದ್ದಿನಲ್ಲಿ ಅದು ಯಾರಿಗೂ ಕೇಳಿಸುವುದಿಲ್ಲ. ನನ್ನ ಕೇಳಿದರೆ, ಎರೆಮಣ್ಣಿನ ಹೊಲಕ್ಕೆ ನಿಜಕ್ಕೂ ಉಪಯೋಗ ಬೀಳುವುದು ಹಿಂದಿನ ಟೈರಿಗೆ ತುಂಬುವ ನೀರು: ತೂಕ ಹೆಚ್ಚಿ ಚಕ್ರ ಜಾರುವುದು ಕಡಿಮೆಯಾಗುತ್ತದೆ. ಆದರೆ ಅದು ಹೊರಗೆ ಕಾಣುವುದಿಲ್ಲವಲ್ಲ, ಚಿಂಚೋಳಿ ಸಂತೆಯಲ್ಲಿ ಬೀಗರಿಗೆ ತೋರಿಸುವುದು ಹೇಗೆ?